ಎ.ಸಿ.ಗೆ ಪರ್ಸಿ ಮನೆ ಕಟ್ಟಿದ ಆನಂದತೀರ್ಥ ಮಾಸ್ತರರು

ಚಿತ್ತಾಪುರದ ಆನಂದತೀರ್ಥ ಮಾಸ್ತರರಿಗೆ ಯಾರಾದರೂ ಏನನ್ನಾದರೂ ಹೇಳಿಕೊಟ್ಟದ್ದನ್ನು ಕಂಡವರಿಲ್ಲ. ಹೇಳಿಕೊಡುವ ಹಕ್ಕೆಲ್ಲ ಅವರೊಬ್ಬರದೇ. ಗುಂಡಗುರ್ತಿಯಲ್ಲಿ ಹುಟ್ಟಿ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತರಾದ ಮರುದಿನ ಬೆಳಿಗ್ಗೆಯೇ ಹಾಲಿನವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಸಾಂದ್ರತೆಯ ಪಾಠ ಶುರುಮಾಡಿದವರು ಅವರು. ಪಾಪ, ಹಾಲಿನವನು ಮೂರೇ ದಿನದಲ್ಲಿ ಹಾಲಿನ ಚೀಲವನ್ನು ಕಂಪೌಂಡಿನ ಮೇಲಿಟ್ಟು ಓಡಿಹೋಗುವುದನ್ನು ಕಲಿತ. ಊರಲ್ಲಿ ಪಾರಾದವನು ಕಟಿಂಗ್ ಅಂಗಡಿಯವನೊಬ್ಬನೇ. ಅವನು ಮೊದಲು ಕತ್ತಿಯನ್ನು ಮಾಸ್ತರರ ಗಲ್ಲಕ್ಕೆ ಹಚ್ಚಿ, ಆಮೇಲೆ ತಾನು ಮಾತು ತೆಗೆಯುತ್ತಾನೆ.

ಹಾಗಂತ ಕೆಟ್ಟ ಮನುಷ್ಯರೇನಲ್ಲ. ಮನಸ್ಸು ಬೆಣ್ಣೆ. ಒಬ್ಬಳೇ ಮಗಳು ಧನಶ್ರೀಯ ಮದುವೆಯ ದಿನ ಅಡುಗೆಮನೆಯ ಹಿಂದೆ ಹೋಗಿ ಗೊಳೋ ಎಂದು ಅತ್ತಿದ್ದರು. ಅಳುತ್ತಲೇ, ಕಣ್ಣೀರು ಯಾಕೆ ಉಪ್ಪಾಗಿರುತ್ತದೆ ಎನ್ನುವುದನ್ನು ಅಲ್ಲಿ ಪೂರಿ ಕರಿಯುತ್ತಿದ್ದವನಿಗೆ ವಿವರಿಸಿ ಬಂದಿದ್ದರು. ನಾಲ್ಕು ಪೂರಿ ಸೀದು ಕರಕಲಾದವು.

ಅಳಿಯ ಕೌಸ್ತುಭ ಧಾರವಾಡದವನು. ಬೀಜದ ಕಂಪನಿಯೊಂದರಲ್ಲಿ ಕೆಲಸ ಎನ್ನುವುದಷ್ಟೇ ಮಾಸ್ತರರಿಗೆ ಗೊತ್ತು. ಅಲ್ಲಿ ಏನು ಕೆಲಸ ಎಂದು ಕೇಳಲು ಪುರುಸೊತ್ತಾಗಿರಲಿಲ್ಲ, ಬೀಜ ಹೇಗೆ ಮೊಳಕೆಯೊಡೆಯುತ್ತದೆ ಎಂದು ಇವರೇ ಅವನಿಗೆ ಹೇಳುವುದಿತ್ತಲ್ಲ! ಹೋದ ವರ್ಷ ಮದುವೆಯಾದ ಹೊಸತರಲ್ಲಿ ಎಂಟು ದಿನ ಇರಲೆಂದು ಬಂದ ಅಳಿಯ ಎರಡೇ ದಿನಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋಗಿಬಿಟ್ಟ. ಬೆನ್ನ ತುಂಬ ಬೆವರುಸಾಲೆ ಎದ್ದಿತ್ತು. ಮನೆಯ ಮಾಳಿಗೆ ಶಹಾಬಾದಿನ ಪರ್ಸಿ ಕಲ್ಲಿನದು, ಬೇಸಿಗೆಯಲ್ಲಿ ಆ ಚಪ್ಪಡಿಗಳು ಹಗಲೆಲ್ಲ ಕಾದು ಸಂಜೆಯಾದರೂ ಬಿಸಿ ಬಿಡುತ್ತಲೇ ಇರುತ್ತವೆ. ಸೆಕೆಯೇ ಮಗಳನ್ನು ಓಡಿಸಿತು ಎಂದು ಮಾಸ್ತರರು ತೀರ್ಮಾನಿಸಿದರು. ಅವರು ತೀರ್ಮಾನಿಸಿದ ಮೇಲೆ ಮುಗಿಯಿತು, ಮರುಪರಿಶೀಲನೆಗೆ ಅವಕಾಶವಿಲ್ಲ.

ಈ ವರ್ಷ ಅಧಿಕಮಾಸ ಬೇಸಿಗೆಯ ಹೊಟ್ಟೆಯೊಳಗೇ ಬಂದಿತು. ಅಧಿಕಮಾಸದಲ್ಲಿ ಮಗಳನ್ನೂ ಅಳಿಯನನ್ನೂ ಕರೆದು, ಅಕ್ಕಿ ಬೆಲ್ಲದ ಕಜ್ಜಾಯದಂಥ ಮೂವತ್ತಮೂರು ಅನಾರಸ ಮಾಡಿ, ದೀಪ ಇಟ್ಟು ಅಳಿಯನ ಕೈಗೆ ಕೊಡುವುದು ಅವರ ಮನೆತನದ ಪದ್ಧತಿ. ಮಾಸ್ತರರು ಫೋನು ಮಾಡಿದಾಗ ಧನಶ್ರೀ ತಡವರಿಸಿದಳು.

"ಬರ್ತೀವಪ್ಪಾ. ಆದ್ರ ಅದೇ ದಿನ ಸಂಜಿ ಏಳರ ಗಾಡಿಗೆ ರಿಟರ್ನ್ ಟಿಕೆಟ್ ಮಾಡ್ಸೀವಿ. ಇರೋಹಂಗಾದ್ರ ಕ್ಯಾನ್ಸಲ್ ಮಾಡ್ತೀವಿ, ಎಂಟು ದಿನ ಇರ್ತೀವಿ."

'ಇರೋಹಂಗಾದ್ರ' ಎಂಬ ಆ ಒಂದು ಮಾತು ಮಾಸ್ತರರ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತು. ಅವತ್ತೇ ಸಂಜೆ ಅವರು ಎ.ಸಿ. ತರಲು ನಿರ್ಧರಿಸಿದರು.

ಕೂಡಿಸಲು ಬಂದವನು ಬಂದೇಅಲಿ. ರಾವೂರಿನವನು, ಮಾಸ್ತರರ ಹಳೆಯ ವಿದ್ಯಾರ್ಥಿ. ವಯಸ್ಸು ನಲವತ್ತು ದಾಟಿದೆ, ಶಹಾಬಾದಿನಲ್ಲಿ ಸ್ವಂತ ಅಂಗಡಿ ಇದೆ, ಸೇಡಂನಿಂದ ವಾಡಿಯ ತನಕ ಅವನು ಕೂಡಿಸದ ಎ.ಸಿ. ಇಲ್ಲ. ಆದರೆ ಮಾಸ್ತರರ ಹೊಸ್ತಿಲು ದಾಟಿದರೆ ಸಾಕು, ಅವನ ಜೀವ ಎಂಟನೇ ತರಗತಿಯ ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ. ಆ ತರಗತಿಯಲ್ಲಿ ಕೇಳುವ ಮೊದಲೇ ಉತ್ತರ ಹೇಳಿದವರ ಮೇಲೆ ಡಸ್ಟರ್ ಹಾರಿ ಬರುತ್ತಿತ್ತು. ಗೋಡೆಗೆ ತೂತು ಹಾಕುವ ಯಂತ್ರವನ್ನು ಎದೆಗವಚಿಕೊಂಡು ಅವನು ಮುಕ್ಕಾಲು ಗಂಟೆ ನಿಂತೇ ಇದ್ದ. ಅನಿಲವನ್ನು ಒತ್ತಿದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂದು ಮಾಸ್ತರರು ಅವನಿಗೆ ಬೋಧಿಸುತ್ತಿದ್ದರು.

"ಸರ್, ಜರಾ ಒಂದ್ ಮಾತು," ಎಂದ ಬಂದೇಅಲಿ, ಕೆಲಸ ಮುಗಿಸಿ ಚಪ್ಪಲಿ ಮೆಟ್ಟುತ್ತ. "ಇದಕ್ಕಂತ್ಲೇ ಬ್ಯಾರೆ ವೈರ್ ಎಳದು ಬ್ಯಾರೆ ಸ್ವಿಚ್ ಕೂಡ್ಸೀನ್ರಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಚ್ಚಬ್ಯಾಡ್ರಿ. ಕಿಡಕಿ ಬಾಗಿಲಾ ಬಂದ್ ಇಡ್ರಿ, ಇಪ್ಪತ್ತಾರಕ್ಕ ಇಟ್ಟು ಮ್ಯಾಲ ಫ್ಯಾನ್ ಹಚ್ರಿ, ಸಾಕು. ನಮ್ಮ ಕಡಿ ಖಣಿ ಧೂಳು ಭಾಳ, ಒಳಗ ಗಾಳಿ ಸೋಸೋ ಜಾಲಿ ಹದಿನೈದು ದಿನಕ್ಕೊಮ್ಮೆ ತೊಳೀರಿ. ಮತ್ತ ಹೊರಗಿನ ಪೆಟಗಿ ಮುಂದ..."

"ಬಂದೇಅಲಿ," ಎಂದರು ಮಾಸ್ತರರು, "ಉಷ್ಣ ಹರಿಯೋದು ಎಷ್ಟು ವಿಧ, ಹೇಳು."

ಬಂದೇಅಲಿ ಉಳಿದ ಮಾತನ್ನು ಗೇಟಿಗೆ ಹೇಳಿ ಬೈಕು ಹತ್ತಿದ.

ಇತ್ತ ಮಾಸ್ತರರ ಹೆಂಡತಿ ಶಾರದಾಬಾಯಿಗೆ ಎ.ಸಿ. ಕೋಣೆ ಕಂಡು ಬೇರೆಯೇ ಆನಂದವಾಗಿತ್ತು. ಅನಾರಸಕ್ಕೆ ಅಕ್ಕಿಯನ್ನು ಮೂರು ದಿನ ನೆನೆಹಾಕಬೇಕು, ನೆರಳಲ್ಲಿ ಆರಿಸಬೇಕು, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. ಅಡುಗೆಮನೆಯಲ್ಲಿ ಬೆಂದು ಹೋಗುವುದಕ್ಕಿಂತ ಇಲ್ಲೇ ಒಳ್ಳೆಯದೆಂದು ಅವರು ಮಡಿಪಂಚೆ ಹಾಸಿ, ಅಕ್ಕಿ ಹರವಿ, ಗಾಳಿ ಜೋರು ಮಾಡಿದರು. ಎ.ಸಿ. ಗಾಳಿಗೆ ಪಸೆ ಎಲ್ಲಿ ಉಳಿದೀತು? ಅಕ್ಕಿ ಗರಿಗರಿ ಒಣಗಿತು. ಅದನ್ನು ಕುಟ್ಟಿ, ಆ ಒಣ ಹಿಟ್ಟನ್ನು ಅಲ್ಲೇ, ಆ ಯಂತ್ರದ ಕೆಳಗೇ, ಎರಡು ತಾಸು ಭಜನೆ ಹೇಳುತ್ತ ಜರಡಿ ಹಿಡಿದರು. ಹಿಟ್ಟು ಮೋಡದ ಹಾಗೆ ಎದ್ದಿತು, ಆಮೇಲೆ ಕಾಣದಾಯಿತು. ಎಲ್ಲಿ ಹೋಯಿತು ಎಂದು ಆ ತಾಯಿ ಯೋಚಿಸಲಿಲ್ಲ. ಕೋಣೆ ತಾನೇ ತಾನಾಗಿ ಚೊಕ್ಕಟವಾಯಿತಲ್ಲ ಎಂದು ಎ.ಸಿ.ಗೆ ಒಂದು ಕುಂಕುಮದ ಬೊಟ್ಟಿಟ್ಟರು.

ಮರುದಿನದಿಂದ ತಂಪು ಕಡಿಮೆಯಾಗತೊಡಗಿತು.

ಮಾಸ್ತರರು ದಫ್ತರ ತೆಗೆದರು. ಉದ್ದೇಶ, ಸಾಮಗ್ರಿ, ವಿಧಾನ, ತೀರ್ಮಾನ ಎಂದು ಗೆರೆ ಹಾಕಿದರು. ಶಾಲೆಯಲ್ಲಿ ಮಾಡುತ್ತಿದ್ದಂತೆ ತೀರ್ಮಾನವನ್ನು ಮೊದಲು ಬರೆದರು. ಕೋಣೆಯಲ್ಲಿ ಹೊಸ ಗಾಳಿ ಸಾಲದು. ಇಪ್ಪತ್ತು ವರ್ಷ ಕೂಲರ್ ನಡೆಸಿದ ಮನೆ ಅದು. ಕೂಲರಿಗೆ ಹಿಂದಿನ ಕಿಟಕಿ ತೆರೆಯದಿದ್ದರೆ ಗಾಳಿ ಹಸಿಯಾಗಿ ಮೈಗೆ ಅಂಟುತ್ತದೆ ಎಂಬುದು ಈ ಕಡೆ ಕೂಸಿಗೂ ಗೊತ್ತು. ಎರಡೂ ಕಿಟಕಿ ತೆರೆದರು. ನಲವತ್ತನಾಲ್ಕು ಡಿಗ್ರಿಯ ಗಾಳಿ ಅತಿಥಿಯ ಹಾಗೆ ಒಳಗೆ ಬಂದು ಕೂತಿತು. ರಿಮೋಟನ್ನು ಹದಿನಾರಕ್ಕೆ ಇಳಿಸಿದರು. ಹದಿನಾರಕ್ಕೆ ಇಟ್ಟರೆ ಬೇಗ ತಂಪಾಗುತ್ತದೆಂದು ಅವರ ನಂಬಿಕೆ. ಯಂತ್ರ ತನ್ನ ಶಕ್ತಿ ಇದ್ದಷ್ಟೇ ಮಾಡುತ್ತಿತ್ತು, ಗುರಿ ಮಾತ್ರ ದೂರ ಹೋಯಿತು.

ಮೂರನೆಯ ದಿನ ಅವರಿಗೆ ನಿಜವಾದ ಕಾರಣ ಹೊಳೆಯಿತು. ಮಧ್ಯಾಹ್ನ ಅಂಗಳಕ್ಕೆ ಬಂದರೆ ಎ.ಸಿ.ಯ ಹೊರಗಿನ ಪೆಟ್ಟಿಗೆ ರಣಬಿಸಿಲಿನಲ್ಲಿ ನಿಂತು ಒದರುತ್ತಿದೆ! ಮುಟ್ಟಿದರೆ ಕೈ ಸುಡುತ್ತದೆ, ಮುಂದೆ ನಿಂತರೆ ಮುಖಕ್ಕೆ ಬಿಸಿಗಾಳಿ ಬಡಿಯುತ್ತದೆ. ಮಾಸ್ತರರ ಕರುಳು ಚುರ್ ಎಂದಿತು.

"ತಣ್ಣಗ ಮಾಡೋದೇ ಹಿಂಗ ಸುಟಗೊಂಡು ನಿಂತ್ರ ಒಳಗ ಹ್ಯಾಂಗ ತಣ್ಣಗಾಗ್ತದ?" ಎಂದು ಹೆಂಡತಿಯನ್ನು ಕೇಳಿದರು.

"ಪಾಪ, ನೆಳ್ಳ ಮಾಡ್ರಿ ಅದಕ್ಕ," ಎಂದರು ಶಾರದಾಬಾಯಿ.

ಹಿತ್ತಲಲ್ಲಿ ಮನೆ ಕಟ್ಟುವಾಗ ಉಳಿದ ಪರ್ಸಿಗಳಿದ್ದವು. ಎಡಕ್ಕೊಂದು, ಬಲಕ್ಕೊಂದು, ಮೇಲೊಂದು. ಮುಂದೆಯೂ ಒಂದು, ಬಿಸಿಲು ಅತ್ತಲಿಂದಲೇ ಬರುತ್ತದಲ್ಲ. ಉಸಿರಾಡಲಿ ಎಂದು ನಾಲ್ಕು ಬೆರಳು ಸಂದು ಬಿಟ್ಟರು. ಅದರ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ದಿನಕ್ಕೆ ಐದು ಸಲ ತಂಬಿಗೆಯಿಂದ ನೀರು ಹೊಯ್ದರು. ಕರೆಂಟಿನ ಯಂತ್ರಕ್ಕೆ ನೀರು ಹೊಯ್ಯಬಾರದೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದ ಮನುಷ್ಯ! ಕಟ್ಟಡ ಚೆನ್ನಾಗಿಯೇ ಬಂದಿತ್ತು. ಎರಡು ದಿನ ಬಿಟ್ಟು ನೋಡಿದರೆ ಯಾರೋ ಹೋಗಿಬರುವವರು ಅದರ ಮುಂದೆ ಎರಡು ದಾಸವಾಳ ಇಟ್ಟು ಹೋಗಿದ್ದರು. ಒಳಗಿನಿಂದ ಗುಂಯ್ ಎನ್ನುವ ನಾದ ಬೇರೆ ಬರುತ್ತಿತ್ತಲ್ಲ, ಅವರದೇನೂ ತಪ್ಪಿಲ್ಲ.

ಬರುವ ದಿನ ಬಂದೇ ಬಂದಿತು. ಧನಶ್ರೀ ಗೇಟಿನಲ್ಲಿ ಆಟೋ ಇಳಿದಳು, ಹಿಂದೆ ಒಂದು ಸೂಟ್‌ಕೇಸು, ಅದರ ಹಿಂದೆ ಆಗಲೇ ಅಂಗಿ ಬೆನ್ನಿಗಂಟಿದ ಕೌಸ್ತುಭ. ಅವನು ಅಂಗಳದ ಕಟ್ಟಡವನ್ನು ನೋಡಿ ಅಲ್ಲೇ ನಿಂತ.

"ಮಾವಾ, ಆ ಪರ್ಸಿ..."

"ಶಹಾಬಾದಿಂದು!" ಎಂದರು ಮಾಸ್ತರರು ಹಿಗ್ಗಿ. "ಸುಣ್ಣದ ಕಲ್ಲು. ಹ್ಯಾಂಗ ಆತು ಗೊತ್ತದ ಏನ್ರಿ?" ಸುಣ್ಣದ ಕಲ್ಲು ಹುಟ್ಟಿದ ಕಾಲದಿಂದ ಶುರುಮಾಡಿ ಅಳಿಯನನ್ನು ಒಳಗೆ ತರುವ ಹೊತ್ತಿಗೆ ಕಾಲು ಗಂಟೆಯಾಗಿತ್ತು. ಕೋಣೆಯಲ್ಲಿ ಕೂತ ಮೇಲೆ ಕೌಸ್ತುಭ ಎ.ಸಿ.ಯತ್ತ ನೋಡಿ, "ಮಾವಾ, ಇದರ ಜಾಲಿ..." ಎಂದ. ಮಾಸ್ತರರು ಗಾಳಿಯಲ್ಲಿರುವ ಧೂಳಿನ ಕಣಗಳ ಚಲನೆಯನ್ನು ವಿವರಿಸಿದರು. ಊಟಕ್ಕೆ ಕರೆದಾಗ ಅವನು ಇನ್ನೊಮ್ಮೆ "ಮಾವಾ, ಅದು ಹಿಂಗ ನಡದ್ರ ಒಳಗ ಹಿಮ..." ಎಂದ. ಮಾಸ್ತರರು ಹಿಮಾಲಯಕ್ಕೆ ಹೋಗಿ ಬಂದರು. ಕೌಸ್ತುಭ ಸುಮ್ಮನೆ ಬೆವರು ಒರೆಸಿಕೊಂಡ. ಸೂಟ್‌ಕೇಸು ಬಾಗಿಲ ಬಳಿಯೇ ನಿಂತಿತ್ತು, ಧನಶ್ರೀ ಅದರ ಚೈನು ಕೂಡ ಎಳೆದಿರಲಿಲ್ಲ. ಮಾಸ್ತರರು ಹತ್ತು ಸಲ ಅದನ್ನೇ ನೋಡಿದರು.

ಊಟವಾದ ಮೇಲೆ ಅನಾರಸ ಕೊಡುವುದು. ಅಳಿಯನನ್ನು ಮಣೆಯ ಮೇಲೆ, ಸರಿಯಾಗಿ ಎ.ಸಿ.ಯ ಕೆಳಗೆ, ತಂಪು ನೇರ ತಲೆಗೆ ಬೀಳುವಂತೆ ಕೂರಿಸಿದರು. ಶಾರದಾಬಾಯಿ ಕಂಚಿನ ಪಾತ್ರೆಯಲ್ಲಿ ಮೂವತ್ತಮೂರು ಅನಾರಸ ಜೋಡಿಸಿ, ಮೇಲೆ ದೀಪ ಹಚ್ಚಿಟ್ಟು ತಂದರು. ಮಾಸ್ತರರು ಸಂಕಲ್ಪ ಹೇಳುತ್ತಿದ್ದರು. ಆಗ ಮೇಲಿನಿಂದ ಟಪ್ ಎಂದು ಒಂದು ಹನಿ ಕೌಸ್ತುಭನ ಮೂಗಿನ ಮೇಲೆ ಬಿತ್ತು. ಎರಡನೆಯದು ದೀಪದ ಮೇಲೆ ಬಿದ್ದು ದೀಪ ಆರಿತು. ಮೂರನೆಯದು ಹನಿಯಾಗಿರಲಿಲ್ಲ. ಅಂಗೈ ಅಗಲದ ಹಿಮದ ಬಿಲ್ಲೆಯೊಂದು ಜಾರಿ ಬಂದು ಅಳಿಯನ ಅಂಗಿಯ ಕಾಲರಿನೊಳಗೆ ಇಳಿಯಿತು. ಕೌಸ್ತುಭ "ಅವ್ವಾ!" ಎಂದು ಎದ್ದ. ಅನಾರಸಗಳು ನಾಲ್ಕು ದಿಕ್ಕಿಗೆ ಉರುಳಿದವು. ಅದೇ ಗಳಿಗೆಗೆ ಹೊರಗೆ ಗುಂಯ್ ಎನ್ನುವುದು ನಿಂತು, ಗೋಡೆಯ ಸ್ವಿಚ್ಚಿನ ಹಿಡಿ ಖಟಕ್ ಎಂದು ಕೆಳಗೆ ಬಿತ್ತು.

ಮಾಸ್ತರರು ಅದನ್ನು ಎತ್ತಿದರು. ಬಿತ್ತು. ಎತ್ತಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಸುಟ್ಟ ವಾಸನೆ ಸಣ್ಣಗೆ ಬಂತು.

"ಬಿಡ್ರಿ!" ಎಂದು ಕೌಸ್ತುಭ ಅವರ ಕೈ ಹಿಡಿದು ಎಳೆದ. ಆ ಮನೆಯಲ್ಲಿ ಅವನು ಪೂರಾ ಮಾಡಿದ ಮೊದಲ ವಾಕ್ಯ ಅದು.

ಗಂಟೆ ಒಂದೂವರೆ. ಕೋಣೆ ಕ್ಷಣಕ್ಷಣಕ್ಕೆ ಬಿಸಿಯೇರುತ್ತಿತ್ತು. ಧನಶ್ರೀ ನೆಲದ ಮೇಲಿನ ಅನಾರಸ ಹೆಕ್ಕುತ್ತಿದ್ದಳು. ಗಾಡಿಗೆ ಇನ್ನು ಐದೂವರೆ ಗಂಟೆ. ಮಾಸ್ತರರಿಗೆ ದುಃಖ ಉಕ್ಕಿ ಬಂತು. ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯನ್ನೂ ಕೇಳದ ಮಾತನ್ನು ಅವರು ಫೋನಿನಲ್ಲಿ ಕೇಳಿದರು:

"ಬಂದೇಅಲಿ, ನನಗ ತಿಳೀವಲ್ಲದೋ. ಬಂದು ಹೇಳ್ತೀ ಏನು?"

ಬಂದೇಅಲಿ ಆ ಬಿಸಿಲಿನಲ್ಲೇ ತಲೆಗೆ ಟವೆಲ್ ಸುತ್ತಿಕೊಂಡು ಶಹಾಬಾದಿನಿಂದ ಬಂದ. ಅಂಗಳದ ಪರ್ಸಿ ಮನೆ ನೋಡಿ ಗೇಟಿನಲ್ಲೇ ಅವನ ತುಟಿ ನಡುಗಿತು. ನಗು ಬಂದು ನಡುಗಿತೋ ಹೆದರಿಕೆಗೋ ಅಲ್ಲಾಹನೇ ಬಲ್ಲ. ಮಾಸ್ತರರಿಗೆ ನೀವು ತಪ್ಪು ಎನ್ನುವ ಧೈರ್ಯ ಅವನಿಗೆ ಈ ಜನ್ಮದಲ್ಲಿ ಬರುವುದಿಲ್ಲ. ಅವನು ಮೊದಲು ಸ್ವಿಚ್ಚು ಪೂರ್ತಿ ಬಂದ್ ಮಾಡಿ, ಆಮೇಲೆ ಕೈ ಎತ್ತಿದ.

"ಸರ್, ಒಂದು ಡೌಟ್ ಅದರಿ."

ಮಾಸ್ತರರ ಮುಖ ಅಂಥ ದುಃಖದಲ್ಲೂ ಅರಳಿತು. "ಮೂರು ವರ್ಷ ಕುಂತಿದ್ದಿ, ಒಂದು ಡೌಟ್ ಕೇಳಲಿಲ್ಲ. ಕೇಳು, ಕೇಳು."

"ಕೋಣ್ಯಾಗಿನ ಗರಂ ಎಲ್ಲ ಎಲ್ಲಿ ಹೋಗ್ತದರಿ?"

"ಹೊರಗ. ಪೈಪಿನಾಗ ಹೋಗಿ, ಹೊರಗಿನ ಪೆಟಗಿಯಿಂದ ಗಾಳಿಗೆ ಹೋಗ್ತದ."

"ಅಂದ್ರ ಆ ಪೆಟಗಿ ಬಿಸಿಗಾಳಿ ಉಗುಳಬೇಕೇ ಬೇಕು, ಹೌದಿಲ್ರಿ?"

"ಹೌದು. ಅದೇ ಅದರ ಕೆಲಸ."

"ಮತ್ತ ಅದರ ಬಾಯಿ ಮುಂದ ಯಾರರೆ ಪರ್ಸಿ ಇಟ್ರ?"

ಮಾಸ್ತರರು ಬಾಗಿಲಿಗೆ ಹೋಗಿ ಹೊರಗೆ ನೋಡಿದರು. ಅಂಗಳದಲ್ಲಿ ದಾಸವಾಳ ಬಾಡುತ್ತಿತ್ತು.

"ಉಗುಳಿದ್ದನ್ನೇ... ನುಂಗ್ತದ," ಎಂದರು ಕೊನೆಗೆ, ತೀರ ಸಣ್ಣ ದನಿಯಲ್ಲಿ.

"ಬರೋಬರ್ ಸರ್! ಮತ್ತ ತಾನೇ ಕಾದು ಬಂದ್ ಆಗ್ತದ. ಸ್ವಿಚ್ ಬೀಳೋದು ನಮ್ಮನ್ನ ಉಳಸ್ಲಿಕ್ಕೇ ಅದರಿ, ಒತ್ತಿ ಹಿಡಿಬಾರ್ದು. ನೆಳ್ಳ ಬೇಕಂದ್ರ ಮ್ಯಾಲ ದೂರದಾಗ ಒಂದು ತಗಡು ಸಾಕು. ಇನ್ನೊಂದು ಡೌಟ್. ಒಳಗಿನ ಗಾಳಿ ಜಾಲಿ ದಾಟಿ ಬರದಿದ್ರ?"

ಈ ಸಲ ಮಾಸ್ತರರು ಉತ್ತರ ಹೇಳದೆ ಸ್ಟೂಲ್ ಹತ್ತಿ ತಾವೇ ಮುಚ್ಚಳ ತೆರೆದರು. ಜಾಲಿ ಹೊರಗೆ ಬಂತು. ಜಾಲಿ ಅನ್ನಲು ಅದರಲ್ಲಿ ತೂತೇ ಉಳಿದಿರಲಿಲ್ಲ. ಹಿಟ್ಟು ಪಸೆ ಹಿಡಿದು ಹಪ್ಪಳದ ಹಾಗೆ ಕೂತುಬಿಟ್ಟಿತ್ತು. ಗಾಳಿ ಸಿಗದೆ ಒಳಗಿನ ತಣ್ಣನೆ ಕೊಳವೆಗಳ ಮೇಲೆ ಹಿಮ ಗಟ್ಟಿಯಾಗಿತ್ತು.

"ಅಯ್ಯ, ನನ್ನ ಅನಾರಸದ ಹಿಟ್ಟು!" ಎಂದರು ಶಾರದಾಬಾಯಿ ಗಲ್ಲಕ್ಕೆ ಕೈ ಹಚ್ಚಿ. "ಅದಕ್ಕೇ ಅಳತಿಗೆ ಕಡಿಮಿ ಬಿತ್ತು."

ಮಾಸ್ತರರೇ ಅಂಗಳಕ್ಕೆ ಹೋಗಿ ಪರ್ಸಿ ತೆಗೆಯತೊಡಗಿದರು. ಕೌಸ್ತುಭ ಬಂದು ಇನ್ನೊಂದು ತುದಿ ಹಿಡಿದ. ಆಮೇಲೆ ಹೋಗಿ ಜಾಲಿಯನ್ನು ನಳದ ಕೆಳಗೆ ಹಿಡಿದು, ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆದ, ಬಿಸಿಲಿಗಿಡದೆ ನೆರಳಿಗೆ ಆನಿಸಿಟ್ಟ. ಬಂದೇಅಲಿ ಅದನ್ನೇ ನೋಡುತ್ತಿದ್ದ.

"ಸಾಹೇಬ್ರ, ಕೈ ಪಳಗೇದ ನಿಮ್ಮುದು. ಏನ್ ಕೆಲಸ ಮಾಡ್ತೀರಿ?"

"ಬೀಜ ಇಡೋ ತಣ್ಣನೆ ಗೋದಾಮು ನೋಡ್ಕೋತೀನ್ರಿ," ಎಂದ ಕೌಸ್ತುಭ. "ಇಂಥವು ದೊಡ್ಡವು ಹನ್ನೆರಡು ಅವ."

ಮಾಸ್ತರರ ಕೈಯಿಂದ ಗೋಣಿತಟ್ಟು ಜಾರಿತು. "ಅಂದ್ರ ನಿಮಗ ಇದೆಲ್ಲ ಗೊತ್ತಿತ್ತು?"

"ಗೇಟಿನಾಗೇ ಗೊತ್ತಾತ್ರಿ ಮಾವಾ."

"ಮತ್ತ ಯಾಕ ಹೇಳಲಿಲ್ಲ?"

ಧನಶ್ರೀಯೇ ಮುಂದೆ ಬಂದಳು. ನಗುತ್ತಲೇ ಬಂದಳು, ಆದರೆ ಮಾತು ಹೊರಬರುವಾಗ ಅವಳ ಕಣ್ಣಲ್ಲಿ ನೀರಿತ್ತು.

"ಮೂರು ಸಲ ಹೇಳ್ಲಿಕ್ಕ ಹೋದ್ರಪ್ಪಾ. ನೀ ಸುಣ್ಣದ ಕಲ್ಲು ಹೇಳಿದಿ, ಧೂಳು ಹೇಳಿದಿ, ಹಿಮಾಲಯ ಹೇಳಿದಿ. ಹೋದ ವರ್ಷ ಇವರು ಸೆಕಿಗೆ ಹೋದ್ರಂತ ತಿಳ್ಕೊಂಡೀ ಏನು? ಬೆವರಸಾಲಿಗೆ ಪೌಡರ್ ಹಚ್ಚಿದ್ರ ಆಗ್ತಿತ್ತು. ಎರಡು ದಿನದಾಗ ಇವರಿಗೆ ಒಂದು ಮಾತು ಪೂರಾ ಮಾಡ್ಲಿಕ್ಕ ಬಿಡಲಿಲ್ಲ ನೀ. ಟಿಕೆಟ್ ಮಾಡ್ಸಿದ್ದು ಅದಕ್ಕಪ್ಪಾ."

ಬಂದೇಅಲಿ ತನಗೆ ಸಂಬಂಧವಿಲ್ಲದಂತೆ ಒಂದು ತಿರುಪು ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ಮಾಸ್ತರರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಎಷ್ಟು ನಾಚಿಕೆಯೆಂದರೆ ನಾಚಿಕೆಯಾದಾಗ ಮುಖಕ್ಕೆ ರಕ್ತ ಯಾಕೆ ಏರುತ್ತದೆ ಎನ್ನುವುದನ್ನೂ ಅವರು ಯಾರಿಗೂ ಹೇಳಲಿಲ್ಲ.

ಹಿಮ ಕರಗಿ, ಜಾಲಿ ಒಣಗಿ, ಬಂದೇಅಲಿ ವೈರುಗಳನ್ನೆಲ್ಲ ಒಂದೊಂದಾಗಿ ತಪಾಸು ಮಾಡಿ ಎ.ಸಿ. ಹಚ್ಚುವ ಹೊತ್ತಿಗೆ ಐದೂವರೆ. ಕಿಟಕಿ ಮುಚ್ಚಿದರು, ಇಪ್ಪತ್ತಾರಕ್ಕೆ ಇಟ್ಟರು, ಮೇಲಿನ ಫ್ಯಾನು ಸಣ್ಣಗೆ ತಿರುಗಿತು. ಅರ್ಧ ಗಂಟೆಯಲ್ಲಿ ಕೋಣೆ ಹಿತವಾಗಿ ತಂಪಾಯಿತು. ಬಂದೇಅಲಿ ಆರು ಅನಾರಸ ತಿಂದು, ಇನ್ನಾರು ಕಟ್ಟಿಸಿಕೊಂಡು ಹೋದ. ಉಳಿದವನ್ನು ಲೆಕ್ಕ ಹಾಕದೆಯೇ ಶಾರದಾಬಾಯಿ ಅಳಿಯನ ಮುಂದಿಟ್ಟರು.

ಇನ್ನು ಗಾಡಿಗೆ ಒಂದು ಗಂಟೆ. ಮಾಸ್ತರರು ಅಳಿಯನ ಎದುರು ಬಂದು, ಪರೀಕ್ಷೆಗೆ ಕೂತವರ ಹಾಗೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತರು.

"ಕೌಸ್ತುಭ ಅವರ, ಆ ಗೋದಾಮಿನಾಗ ನೀವ ಏನೇನ್ ಮಾಡ್ತೀರಿ? ಜರಾ ಹೇಳ್ರಿ."

ಕೌಸ್ತುಭ ಹೆಂಡತಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಶುರುಮಾಡಿದ. ಶೇಂಗಾ ಬೀಜ, ಅದರ ಪಸೆ, ಚೀಲ ಒಟ್ಟುವ ರೀತಿ. ಹತ್ತು ನಿಮಿಷಕ್ಕೆ ಅವನ ದನಿ ಏರಿತು, ಇಪ್ಪತ್ತಕ್ಕೆ ಕೈಗಳು ಆಡತೊಡಗಿದವು. ಅರ್ಧ ಗಂಟೆಗೆ ಅವನು ಎದ್ದು ನಿಂತು ಗೋಡೆಯ ಮೇಲೆ ಬೆರಳಿನಿಂದ ಗೋದಾಮಿನ ನಕಾಶೆ ಬರೆಯುತ್ತಿದ್ದ. ಒಂದು ವರ್ಷದಿಂದ ಕಟ್ಟಿಟ್ಟ ಮಾತೆಲ್ಲ ಬಿಚ್ಚಿಕೊಂಡಿತ್ತು. ನಡುವೆ ಅವನು ಆವಿಯಾಗುವಿಕೆಯ ಬಗ್ಗೆ ಹೇಳಿದ್ದು ಪೂರಾ ಸರಿಯಿರಲಿಲ್ಲ. ತಿದ್ದುವ ಮಾತು ಮಾಸ್ತರರ ನಾಲಿಗೆಯ ತುದಿಗೆ ಬಂತು, ನುಂಗಿದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರು. ಶಾರದಾಬಾಯಿ ಹೆದರಿ ಒಂದು ಲೋಟ ನೀರು ತಂದಿಟ್ಟರು.

ಏಳಕ್ಕೆ ಸ್ಟೇಷನ್ನಿನ ಕಡೆಯಿಂದ ಗಾಡಿಯ ಸದ್ದು ಬಂದು ಹೋಯಿತು. ಯಾರೂ ಏಳಲಿಲ್ಲ. ಧನಶ್ರೀ ಸೂಟ್‌ಕೇಸಿನ ಚೈನು ಎಳೆದು ಸೀರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಡತೊಡಗಿದಳು. ಅಳಿಯ ಆಗಿನ್ನೂ ಶೇಂಗಾ ಮುಗಿಸಿ ತೊಗರಿಗೆ ಬಂದಿದ್ದ. ಹೆಸರು, ಕಡಲೆ, ಜೋಳ ಎಲ್ಲ ಬಾಕಿ ಇದ್ದವು, ಎಂಟು ದಿನವೂ ಬಾಕಿ ಇತ್ತು. ಮಾಸ್ತರರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದು ಕೇಳಿದರು:

"ಮುಂದ ಏನಾತ್ರಿ?"